ಮೈಯೊಳಗಿನ ಮಾವನ ಹೆಸರು

ಏಪ್ರಿಲ್ 29, ಸೋಮವಾರ

ಪುಸ್ತಕದ ಮೊದಲ ಹಾಳೆಯಲ್ಲೇ ಅಚ್ಚು ಹಾಕಿದ್ದಾರೆ: "ನಾನು ಯಾರು? ಒಂದು ಸಾಲಿನಲ್ಲಿ ಬರೆಯಿರಿ." ಒಂದು ಸಾಲಿನಲ್ಲಿ ಮುಗಿಯುವವರು ಹಾಗೆ ಬರೆದುಕೊಳ್ಳಲಿ.

ನಾನು ಬುರ್ಮಾಕಾನ್. ಅರವತ್ತೊಂಬತ್ತು ವರ್ಷ. ಅತ್ಬಾಶಿಯ ಈ ಮನೆತನದ ಬೈಬಿಚೆ, ಹಿರಿಯ ಒಡತಿ. ಹತ್ತನೇ ತರಗತಿ ಪಾಸು, ಅದೂ ಹಳೆಯ ಕಾಲದ ಹತ್ತು. ಬಾಗಿಲಿಗೆ ಎದುರಾದ ಮೇಲಿನ ಜಾಗ ನನ್ನದು. ಹಬ್ಬದ ಕುರಿಯಲ್ಲಿ ಬಾಲದ ಬುಡದ ಮೂಳೆ ಬರುವುದು ನನ್ನ ತಟ್ಟೆಗೆ. ಬೇಸಿಗೆಯಲ್ಲಿ ದನ ಕುರಿ ಹೊಡೆದುಕೊಂಡು ಬೆಟ್ಟದ ಹುಲ್ಲುಗಾವಲಿಗೆ ಹೊರಟರೆ ಎಲ್ಲಕ್ಕಿಂತ ಮುಂದಿನ ಕುದುರೆಯ ಮೇಲೆ, ಹಿರಿಯ ಹೆಂಗಸಿನ ಬಿಳಿ ಪೇಟ ಸುತ್ತಿ ಕೂತಿರುವವಳು ನಾನು. ಇಪ್ಪತ್ತಾರು ವರ್ಷದಿಂದ.

ಪುಸ್ತಕ ಸೊಸೆಯದು. ಕುಂದುಜ್. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಇವಳು ಕೂತು ಬರೆಯುತ್ತಿದ್ದಳು. ಕಿತ್ತುಕೊಂಡೆ. ಊರ ಕ್ಲಬ್ಬಿನಲ್ಲಿ ಬಿಶ್ಕೆಕ್‌ನ ಹುಡುಗಿಯೊಬ್ಬಳು ಕ್ಲಾಸು ನಡೆಸುತ್ತಾಳಂತೆ. ಮೈಯ ಕಸುವು ಹೆಚ್ಚಿಸಿಕೊಂಡು ಹೊಸ ಮನುಷ್ಯರಾಗುವ ಕ್ಲಾಸು. ಹಳೆಯ ಮನುಷ್ಯರಿಗೆ ಏನಾಗಿತ್ತೋ!

ಅವಳು ಬರೆದ ಹಾಳೆ ಒಂದೇ. "ನನ್ನ ಕು— ಎಲ್ಲಿ ಖರ್ಚಾಗುತ್ತದೆ" ಎಂದು ತಲೆಬರಹ. ಕೆಳಗೆ: ಐದಕ್ಕೆ ಎದ್ದು ಹಸು ಕರೆಯುವುದು. ಅಂಗಳ ಗುಡಿಸುವುದು. ರೊಟ್ಟಿ. ಕರು. ಬಟ್ಟೆ. ಅಪಾಗೆ (ಅಮ್ಮನಿಗೆ, ಅಂದರೆ ನನಗೆ) ಟೀ ಹಾಕುವುದು, ದಿನಕ್ಕೆ ಮೂವತ್ತೆರಡು ಬಟ್ಟಲು.

ಮೂವತ್ತೆರಡಲ್ಲ. ಇಪ್ಪತ್ತೆಂಟು.

ಅದರ ಕೆಳಗೆ, "ನನ್ನ ದೊಡ್ಡ ಆಸೆ": ಒಂದು ದಿನ ಏಳು ಗಂಟೆಯವರೆಗೆ ಮಲಗಬೇಕು.

ಆಸೆಯಂತೆ! ಉಳಿದ ಹಾಳೆಗಳು ಖಾಲಿ ಇವೆ. ಹಾಳು ಮಾಡಬಾರದು. ನಾನೇ ಬರೆಯುತ್ತೇನೆ.

ಏಪ್ರಿಲ್ 30

ಆ "ಕು—" ಅನ್ನು ನಾನು ಪೂರ್ತಿ ಬರೆಯುವುದಿಲ್ಲ. ಮೈಯ ಕಸುವಿಗೆ ನಮ್ಮ ಮಾತಿನಲ್ಲಿ ಎಲ್ಲರೂ ಅನ್ನುವುದು ಅದನ್ನೇ. ಆದರೆ ಅದು ನನ್ನ ಮಾವನ ಹೆಸರು. ಮದುವೆಯಾಗಿ ಬಂದ ದಿನದಿಂದ ಈ ಬಾಯಿಂದ ಬಂದಿಲ್ಲ. ಮಾವ ತೀರಿಕೊಂಡು ಮೂವತ್ತೊಂದು ವರ್ಷ. ಆದರೂ ಬಂದಿಲ್ಲ. ಕಸುವು ಅನ್ನುತ್ತೇನೆ, ತ್ರಾಣ ಅನ್ನುತ್ತೇನೆ. ಕುಂದುಜ್ ಅವರನ್ನು ಕಂಡವಳಲ್ಲ, ಅವಳಿಗೆ ಈ ಕಟ್ಟಿಲ್ಲ. (ದೊಡ್ಡವರ ವಿಷಯ ಬರೆಯಬಾರದು. ಆದರೂ ಹೆಸರಿಗೆ ತಕ್ಕವರಾಗಿದ್ದರೆ ಜೀವಮಾನದಲ್ಲಿ ಒಂದು ಗೂಟವನ್ನಾದರೂ ಹೊಡೆಯುತ್ತಿದ್ದರು.)

ಸಂಜೆ ಮಗ ಎಸೆನ್ ಬಂದು ಕೂತ. ಟೋಪಿ ತಿರುಗಿಸುತ್ತಿದ್ದ. ಟೋಪಿ ತಿರುಗಿಸಿದರೆ ಕೆಟ್ಟ ಸುದ್ದಿ.

"ಅಪಾ, ಈ ಸಲ ಮೇಲಕ್ಕೆ ನೀವು ಲಾರೀಲಿ ಬನ್ನಿ."

"ಯಾಕೆ, ಕುದುರೆ ಸತ್ತುಹೋಯ್ತಾ?"

"ಹೋದ ವರ್ಷ ಮೂರು ಜನ ಎತ್ತಿ ಕೂರಿಸಿದ್ವಿ. ನನ್ನ ಸೊಂಟ ಇನ್ನೂ ನೋಯ್ತಿದೆ."

"ನಿನ್ನ ಸೊಂಟ ನಿಮ್ಮಪ್ಪನ ಸೊಂಟ. ಮೊದಲಿಂದ್ಲೂ ಹಂಗೇ."

"ಅಪಾ, ನಾನು ಹೇಳಿದ್ದಲ್ಲ. ರೂಲ್ಸ್ ಮಾಡಿದ್ದು ನೀವೇ."

ನಿಜ. ನಾನೇ. ತಾನಾಗಿ ಹತ್ತಲಾರದವರು ಮುಂದಿನ ಕುದುರೆಯ ಮೇಲೆ ಕೂರಬಾರದು ಎಂದು ಇಪ್ಪತ್ತಾರು ವರ್ಷದ ಹಿಂದೆ ಎಲ್ಲರೆದುರು ಹೇಳಿದ್ದೆ. ನನ್ನ ಅತ್ತೆಯನ್ನು ಲಾರಿ ಹತ್ತಿಸಿದ್ದೆ. ಅತ್ತೆ ದಾರಿಯುದ್ದಕ್ಕೂ ಕಬ್ಬಿಣದ ಒಲೆಯನ್ನು ತಬ್ಬಿಕೊಂಡು ಕೂತಿದ್ದರು.

ಹೊರಡುವುದು ಮೇ 31ಕ್ಕೆ. ಒಂದು ತಿಂಗಳು.

ಮೇ 2, ಗುರುವಾರ

ಕ್ಲಬ್ಬಿಗೆ ಹೋದೆ. ಕಲಿಯುವುದಕ್ಕಲ್ಲ, ಬೈಯುವುದಕ್ಕೆ. ಸೊಸೆ ಹೇಳದೆ ಕೇಳದೆ ಹೋಗಿದ್ದಳು.

ಪಾಠದ ಹುಡುಗಿಯ ಹೆಸರು ಎಲ್ನುರಾ. ಪ್ಯಾಂಟು, ಬಿಳಿ ಬೂಟು, ಕಡ್ಡಿಯ ಹಾಗೆ ನೆಟ್ಟಗೆ.

"ಬನ್ನಿ ಅಜ್ಜಿ, ಯಾರನ್ನ ಹುಡುಕ್ತಿದೀರಿ?"

"ನಿನಗೆ ನಾನು ಅಜ್ಜಿ ಅಲ್ಲ. ಬೈಬಿಚೆ ಅನ್ನು. ನನ್ನ ಸೊಸೆ ಎಲ್ಲಿ?"

ಸೊಸೆ ಮೂಲೆಯಲ್ಲಿ ಗೋಡೆಗೆ ಒರಗಿ, ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಳು.

"ಇದಾ ನೀನು ಕಲಿಸೋ ವಿದ್ಯೆ?"

"ಹೌದು ಬೈಬಿಚೆ. ಅವರಿಗೆ ಬೇಕಾಗಿದ್ದ ಪಾಠ ಅದೇ. ಎಬ್ಬಿಸಬೇಡಿ."

ಆಮೇಲೆ ಉಪದೇಶ. ಬದಲಾಗಬೇಕು ಬದಲಾಗಬೇಕು ಎಂದು ಮನಸ್ಸಿಗೆ ಚಾಟಿ ಬೀಸಿದರೆ ಆಗುವುದಿಲ್ಲವಂತೆ. ಬಡಕಲು ಕುದುರೆಗೆ ಎಷ್ಟು ಹೊಡೆದರೂ ಗುಡ್ಡ ಹತ್ತುವುದಿಲ್ಲ, ಮೊದಲು ಮೇವು ಹಾಕಬೇಕು, ಮೈಗೆ ತ್ರಾಣ ಬಂದರೆ ಮನಸ್ಸು ತಾನಾಗಿ ಹಿಂದೆ ಬರುತ್ತದೆ ಅಂದಳು. ಕುದುರೆಯ ವಿಷಯ ಪಟ್ಟಣದವಳು ನನಗೆ ಹೇಳುತ್ತಾಳೆ! ಆದರೆ ತಪ್ಪಿರಲಿಲ್ಲ.

"ಕೈ ಊರದೆ ಒಂದ್ಸಲ ಕುರ್ಚಿಯಿಂದ ಏಳಿ ನೋಡೋಣ ಬೈಬಿಚೆ."

ಏಳಲಾಗಲಿಲ್ಲ.

ಇಪ್ಪತ್ತು ಹೆಂಗಸರು ನೋಡಿದರು. ಹಿಂದಿನ ಸಾಲಿನಲ್ಲಿ ಕಾಲ್ಬೂಬು, ನನ್ನ ಮೈದುನನ ಹೆಂಡತಿ. ನಾನು ಹೋದ ಮೇಲೆ ನನ್ನ ಜಾಗದಲ್ಲಿ ಕೂರಬೇಕೆಂದು ಇಪ್ಪತ್ತಾರು ವರ್ಷದಿಂದ ಕಾಯುತ್ತಿರುವವಳು. ಅವಳು ಕೆಮ್ಮಿದಳು. ಅದು ಕೆಮ್ಮಲ್ಲ.

ಕಡೆಗೆ ಎಲ್ಲರೂ ಒಟ್ಟಿಗೆ ಎದ್ದು ನಿಲ್ಲುತ್ತ ಕೂಗಬೇಕು: ಮೈಯಲ್ಲಿ ಕು— ಇದೆ! ಮೈಯಲ್ಲಿ ಕು— ಇದೆ!

ಬಾಯಿ ಬಿಗಿದುಕೊಂಡು ಕೂತೆ.

"ಬೈಬಿಚೆ, ನೀವೂ ಅನ್ನಿ."

"ಅನ್ನಲ್ಲ."

"ಯಾಕೆ?"

"ಅದು ನಮ್ಮ ಮಾವ."

"ಯಾವುದು?"

"ನೀನು ಇವರ ಮೈಯಲ್ಲೆಲ್ಲಾ ಇದೆ ಅಂತ ಕೂಗಿಸ್ತಿದೀಯಲ್ಲ, ಅದು."

ಹುಡುಗಿ ಕೆಂಪಾದಳು. ಬೇರೆ ಮಾತು ಹೇಳಿಕೊಳ್ಳಿ ಅಂದಳು. ಕಸುವು ಎಂದು ಕೂಗುತ್ತ ಏಳಲು ನೋಡಿದೆ. ಅರ್ಧಕ್ಕೆ ಕೂತೆ. "ಆ ಮಾತು ಕೊನೇಲಿ ಸೋರಿ ಹೋಗುತ್ತೆ ಬೈಬಿಚೆ, ಉಸಿರು ನಿಲ್ಲಲ್ಲ" ಅಂತ ಅವಳೇ ಬೇಸರ ಪಟ್ಟುಕೊಂಡಳು.

ಮೇ 3, ಗುರುವಾರದ ಮಾರನೇ ದಿನ

ಈ ವಾರದ ಹೆಸರನ್ನೂ ಬರೆಯುವಂತಿಲ್ಲ. ನಮ್ಮ ಮಾತಿನಲ್ಲಿ ಅದೇ ಮನೆಯವರ ಹೆಸರು. ಅವರು ಹೋಗಿ ಆರು ವರ್ಷ. ಕುಂದುಜ್‌ಗೂ ಮಾವನ ಹೆಸರಾಯಿತಲ್ಲ, ಅವಳೂ ಹೀಗೇ ಅನ್ನುತ್ತಾಳೆ. ಆಸ್ಪತ್ರೆಯಲ್ಲಿ ಒಮ್ಮೆ "ಗುರುವಾರದ ಮಾರನೇ ದಿನ ಬರ್ತೀನಿ" ಅಂದದ್ದಕ್ಕೆ ಗುರುವಾರ ಎಂದು ಬರೆದುಕೊಂಡಿದ್ದರು.

ತೊಡೆ ನೋವು. ಹೆಚ್ಚು ಬರೆಯಲಾರೆ.

ಮೇ 6

ಯೋಚಿಸಿದೆ. ಮನೆಯವರು ಹೋದ ಮೇಲೆ ಮೇಲಿನ ಜಾಗ ಬಿಟ್ಟು ನಾನು ಎದ್ದದ್ದು ಎಷ್ಟು ಸಲ? ಟೀ ಕೈಗೆ ಬರುತ್ತದೆ. ಕನ್ನಡಕ ಕೈಗೆ ಬರುತ್ತದೆ. ದಿಂಬು ಬೆನ್ನಿಗೆ ಬರುತ್ತದೆ. ಮರ್ಯಾದೆ ಹೆಚ್ಚುತ್ತ ಹೋದ ಹಾಗೆ ಕಾಲು ಸಣ್ಣಗಾಗುತ್ತ ಬಂದಿದೆ. ಗೌರವವೇ ನನ್ನ ಮಂಡಿ ತಿಂದಿತು.

ಟೀ ನಾನೇ ಎದ್ದು ಹಾಕಿಕೊಂಡರೆ? ಇಪ್ಪತ್ತೆಂಟು ಸಲ ಏಳುವುದು, ಇಪ್ಪತ್ತೆಂಟು ಸಲ ಕೂರುವುದು.

ಆದರೆ ಸೊಸೆಯಿರುವ ಮನೆಯಲ್ಲಿ ಬೈಬಿಚೆ ತನ್ನ ಟೀ ತಾನೇ ಹಾಕಿಕೊಂಡರೆ ಸೊಸೆಯ ಮುಖಕ್ಕೆ ಮಸಿ ಬಳಿದ ಹಾಗೆ. ಯಾರೂ ನೋಡಬಾರದು.

ಕುಂದುಜ್ ಕೊಟ್ಟಿಗೆಗೆ ಹೋದಾಗ ಎದ್ದೆ. ಗೋಡೆ ಹಿಡಿದು, ಮೇಜು ಹಿಡಿದು, ಬೈಗುಳ ಹಿಡಿದು. ಐದು ಬಟ್ಟಲು. ಕಸುವು, ಕಸುವು ಎಂದು ಗೊಣಗುತ್ತ.

ಮೇ 10, ಅದೇ ದಿನ

ಒಂಬತ್ತು ಬಟ್ಟಲು. ಸೊಸೆಯನ್ನು ಸುಮ್ಮಸುಮ್ಮನೆ ಹೊರಗೆ ಕಳಿಸುತ್ತಿದ್ದೇನೆ. ಕರು ನೋಡು. ಬೇಲಿ ನೋಡು. ಮೋಡ ನೋಡು.

"ಮೋಡ ಏನಂತ ನೋಡ್ಲಿ ಅಪಾ?"

"ಇದೆಯೋ ಇಲ್ವೋ ಅಂತ."

ಕೊಟ್ಟಿಗೆಯಲ್ಲಿ ನಾಲ್ಕು ಕಾಲಿನ ಮರದ ಕುದುರೆಕಟ್ಟೆಗೆ ಜೀನು ಹಾಕಿ ಕಾಲು ಎತ್ತಿ ನೋಡಿದೆ. ಕಾಲು ಮಂಡಿಯವರೆಗೆ ಬಂತು. ಹತ್ತಲು ಕಾಲಿಡುವ ರಿಕಾಪಿಗೆ ಇನ್ನೂ ಒಂದು ಗೇಣು.

ಮೇ 14

ಹದಿನೆಂಟು. ಒಳ್ಳೆಯ ನಿದ್ದೆ ಬರುತ್ತಿದೆ. ಎರಡು ಪಾಲು ಮಾಂಸ ತಿಂದೆ. ಎಸೆನ್ ಬಾಯಿ ತೆರೆದುಕೊಂಡು ನೋಡಿದ. ನೋಡಲಿ.

ವಿಚಿತ್ರ. ಇವತ್ತು ಇಡೀ ದಿನ ಯಾರನ್ನೂ ಬೈಯಲಿಲ್ಲ. ಸಿಟ್ಟು ಬರಲಿಲ್ಲ ಅಷ್ಟೇ. ಬೈಗುಳವೆಲ್ಲ ನನ್ನ ಸ್ವಭಾವ ಅಂದುಕೊಂಡಿದ್ದೆ, ಸುಸ್ತು ಎಂದು ಗೊತ್ತಿರಲಿಲ್ಲ.

ಮೇ 18

ಕೆಟ್ಟಿತು.

ಇಪ್ಪತ್ತೆರಡನೇ ಬಟ್ಟಲು. ಟೀ ಕಾಸುವ ಸಮೋವರ್ ಮುಂದೆ ನಿಂತಿದ್ದೆ. ಬಾಗಿಲಲ್ಲಿ ಕುಂದುಜ್. ಅವಳ ಹಿಂದೆಯೇ ಕಾಲ್ಬೂಬು, ಜರಡಿ ಕೇಳಲು ಬಂದವಳು.

ಏನು ಹೇಳಲಿ? ನನಗೆ ಹಾಕಿಕೊಳ್ಳುತ್ತಿದ್ದೇನೆ ಎಂದರೆ ಸೊಸೆಗೆ ಅವಮಾನ. ಕಾಲಿಗೆ ಅಭ್ಯಾಸ ಎಂದರೆ ನನಗೆ. ಬಾಯಿಗೆ ಬಂದದ್ದು ಹೇಳಿದೆ: "ನಿನಗೇ ಹಾಕ್ತಿದ್ದೆ, ತಗೋ."

ಆರು ವರ್ಷ ಸಮೋವರ್ ಮುಟ್ಟದೆ ಮೊನ್ನೆ ಮೊನ್ನೆ ಮುಟ್ಟಿದ ಕೈ. ಮೇಲೆ ಇಪ್ಪತ್ತೊಂದು ಸಲ ಎದ್ದು ಕೂತ ಮೈ. ಕೈ ನಡುಗಿತು. ಟೀ ಅರ್ಧಕ್ಕೆ ನಿಲ್ಲದೆ ಬಟ್ಟಲಿನ ಅಂಚಿನವರೆಗೆ ತುಂಬಿ, ತುಳುಕಿ, ಅವಳ ಕೈಗೆ ಹೋಯಿತು.

ತುಂಬಿದ ಬಟ್ಟಲು. ಇಷ್ಟೇ ಇಷ್ಟು ಹಾಕಿದರೆ "ಇರು, ಮತ್ತೆ ಹಾಕುತ್ತೇನೆ" ಎಂದು. ತುಂಬಿಸಿ ಕೊಟ್ಟರೆ "ಕುಡಿದು ಎದ್ದು ಹೋಗು" ಎಂದು. ನಮ್ಮ ಕಡೆಯ ಕರುವಿಗೂ ಗೊತ್ತು.

ಕುಂದುಜ್ ಮುಖ ಹಿಟ್ಟಿನ ಹಾಗೆ ಬಿಳುಪಾಯಿತು. ನಿಂತಲ್ಲೇ ಪೂರ್ತಿ ಕುಡಿದಳು. ಬಟ್ಟಲು ತೊಳೆದು ಇಟ್ಟಳು. ಹೋದಳು. ಕಾಲ್ಬೂಬು ಜರಡಿಯನ್ನೂ ಮರೆತು ಓಡಿದಳು.

ಕೈ ನಡುಗಿತು ಅಂತ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಕೈ ನಡುಗುವವಳಿಗೆ ಲಾರಿಯೇ ಗತಿ. ಹೇಳಲಿಲ್ಲ.

ಮೇ 20, ಸೋಮವಾರ

ಊರೆಲ್ಲಾ ಸುದ್ದಿ. ಬೈಬಿಚೆ ಸೊಸೆಯನ್ನು ಹೊರಗೆ ಹಾಕುತ್ತಾಳೆ. ಮೋಡ ನೋಡು ಎಂದು ಹೊರಗೆ ಅಟ್ಟುತ್ತಿದ್ದದ್ದಕ್ಕೂ ಈಗ ಅರ್ಥ ಹುಟ್ಟಿದೆ. ಕುಂದುಜ್ ಪೆಟ್ಟಿಗೆ ಕಟ್ಟಿ ಹಾಸಿಗೆಯ ಕೆಳಗೆ ಇಟ್ಟಿದ್ದಾಳೆ. ಎಸೆನ್ ನನ್ನೊಡನೆ ಮಾತಾಡುತ್ತಿಲ್ಲ.

ಮಧ್ಯಾಹ್ನ ಬೀಗಿತ್ತಿ ಬಂದಳು, ಕುಂದುಜ್‌ಳ ತಾಯಿ. ಒಂದು ಚೀಲ ಕರಿದ ರೊಟ್ಟಿ, ಒಂದು ಕುರಿ. ಕುರಿ ನನ್ನನ್ನೇ ನೋಡುತ್ತಿತ್ತು.

"ಬೈಬಿಚೆ, ನನ್ನ ಮಗಳು ದಡ್ಡಿ. ಕ್ಲಾಸು ಗೀಸು ಅಂತ ಹೋಗಿದ್ದಾಳೆ. ಹೊಟ್ಟೆಗೆ ಹಾಕ್ಕೊಳ್ಳಿ. ಮನೆಗೆ ಕಳಿಸಬೇಡಿ."

ಕುಂದುಜ್ ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು. ಸಮೋವರ್ ಹತ್ತಿರ ಹೋಗುವ ಧೈರ್ಯವಿಲ್ಲ.

ಬಾಯಲ್ಲಿ ಕ್ಷಮೆ ಕೇಳಿ ಅಭ್ಯಾಸವಿಲ್ಲ ನನಗೆ. ಎದ್ದೆ. ಎಲ್ಲರೂ ನೋಡುತ್ತಿದ್ದ ಹಾಗೆ, ಕೈ ಊರದೆ. ಸಮೋವರ್ ಮುಂದೆ ಕೂತೆ. ಬಟ್ಟಲು ತೆಗೆದುಕೊಂಡು ಎಡಗೈಯಲ್ಲಿ ಬಲಗೈ ಹಿಡಿದು, ಉಸಿರು ಬಿಗಿಹಿಡಿದು, ಎರಡು ಗುಟುಕು ಟೀ ಹಾಕಿದೆ. ಎರಡೇ ಗುಟುಕು. ಎದ್ದು ಹೋಗಿ ಕುಂದುಜ್ ಕೈಗೆ ಕೊಟ್ಟೆ.

ಅವಳು ಬಟ್ಟಲಿನೊಳಗೆ ನೋಡಿದಳು. ನನ್ನನ್ನು ನೋಡಿದಳು. ತಳದಲ್ಲಿ ಅಷ್ಟೇ ಅಷ್ಟು ಟೀ. ಅಳುವುದಕ್ಕೆ ಶುರು ಮಾಡಿದಳು.

"ಅಳೋದಾದ್ರೆ ಕೂತು ಅಳು, ಟೀ ಆರುತ್ತೆ."

ಬೀಗಿತ್ತಿಗೂ ಎರಡು ಗುಟುಕು. ಸಮಾಧಾನವಾಯಿತು ಎಂದು ಬೀಗಿತ್ತಿ ಹದಿನೇಳು ಬಟ್ಟಲು ಕುಡಿದಳು. ಕುಂದುಜ್ ಹನ್ನೊಂದು. ಕುಂದುಜ್ ಏಳಲು ಹೋದಾಗಲೆಲ್ಲಾ "ಕೂತ್ಕೋ" ಅಂದೆ. ಒಟ್ಟು ಇಪ್ಪತ್ತೆಂಟು ಸಲ ಎದ್ದೆ.

ಕುರಿ ವಾಪಸು ಕಳಿಸಿದೆ. ರೊಟ್ಟಿ ಇಟ್ಟುಕೊಂಡೆ.

ಮೇ 21

ಬೆಳಿಗ್ಗೆ ಕುಂದುಜ್ ಹತ್ತಿರ ಬಂದು ಮೆಲ್ಲಗೆ, "ಅಪಾ, ಕೊಟ್ಟಿಗೇಲಿ ಜೀನಿನ ಹತ್ರ ನಿಮ್ಮ ಚಪ್ಪಲಿ ಸಿಕ್ತು."

"ಸಿಕ್ಕಿದ್ರೆ?"

"ಏನಿಲ್ಲ. ಕುದುರೆಕಟ್ಟೆ ಅಲ್ಲಾಡುತ್ತೆ, ಕಲ್ಲು ಕೊಟ್ಟಿದೀನಿ."

ಅಷ್ಟೇ ಮಾತು. ಒಳ್ಳೆಯ ಹುಡುಗಿ. ಮಾತು ಕಡಿಮೆ.

ಮೇ 28

ಕಾಲು ರಿಕಾಪಿಗೆ ಸಿಗುತ್ತದೆ. ಮೈ ಮೇಲೇಳುವುದಿಲ್ಲ. ಅರ್ಧಕ್ಕೆ ನಿಂತುಬಿಡುತ್ತದೆ. ಕಸುವು ಎಂದು ಕೂಗಿದೆ, "ವು" ಬರುವಷ್ಟರಲ್ಲಿ ಉಸಿರು ಖಾಲಿ. ತ್ರಾಣ ಎಂದು ಕೂಗಿದೆ. ಅದು ನರಳಿದ ಹಾಗೆ ಕೇಳಿಸಿತು. ಹಸು ತಿರುಗಿ ನೋಡಿತು.

ಕಾಲ್ಬೂಬು ಬಂದಿದ್ದಳು. "ಅಕ್ಕಾ, ಈ ಸಲ ಮುಂದಿನ ಕುದುರೆ ಯಾರಾದ್ರೂ ಹತ್ತಬೇಕಲ್ಲ. ನನ್ನ ಬಿಳಿ ಪೇಟ ಒಗೆದು ಇಟ್ಟಿದೀನಿ."

"ಒಳ್ಳೇದು. ಮಡಿಸಿ ಪೆಟ್ಟಿಗೇಲಿ ಇಡು, ಹುಳ ಬೀಳುತ್ತೆ."

ಮೇ 31. ಗುರುವಾರದ ಮಾರನೇ ದಿನ. (ಒಂದೇ ದಿನ ಇಬ್ಬರ ಹೆಸರು ಬೇಡ.)

ಮೇಲೆ ಬಂದು ತಲುಪಿದ್ದೇವೆ. ಇನ್ನೂ ಬೆಳಕಿದೆ. ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಅಂಗಳದಲ್ಲಿ ಇಡೀ ಮನೆತನ. ಲಾರಿಯಲ್ಲಿ ಒಲೆ, ಒಲೆಯ ಪಕ್ಕ ಮಡಿಸಿದ ಕಂಬಳಿ. ಯಾರಿಗೆ ಎಂದು ಯಾರೂ ಹೇಳಲಿಲ್ಲ. ನಾನು ಬಿಳಿ ಪೇಟ ಸುತ್ತಿ ವೆಲ್ವೆಟ್ ಕೋಟು ಹಾಕಿ ಬಂದೆ. ಎಸೆನ್ ಕುದುರೆ ಹಿಡಿದುಕೊಂಡ. ಮತ್ತೊಂದು ಕೈಯಲ್ಲಿ ಟೋಪಿ ತಿರುಗಿಸುತ್ತಿದ್ದ.

ಒಂದನೇ ಸಲ. ಕಾಲು ರಿಕಾಪಿನಲ್ಲಿ. ಮೈ ಏಳಲಿಲ್ಲ.

ಎರಡನೇ ಸಲ. "ಕಸುವು!" ಅರ್ಧ ಎದ್ದೆ. ಸೋರಿತು. ಇಳಿದೆ.

"ಅಕ್ಕಾ," ಕಾಲ್ಬೂಬು, ಜೇನು ಸವರಿದ ದನಿ, "ಕಂಬಳಿ ಮೆತ್ತಗೆ ಹಾಸಿದೀನಿ. ಒಲೆ ಜೊತೆ ಹೋದ್ರೆ ಸೊಂಟ ಬೆಚ್ಚಗಿರುತ್ತೆ."

ಯಾರೋ ನಕ್ಕರು. ಎಸೆನ್ ಎರಡು ಕೈ ಚಾಚಿದ, ಎತ್ತಲು. ಕುಂದುಜ್ ಬಂದು ಗಂಡನ ಕೈ ಹಿಡಿದು ಕೆಳಗಿಳಿಸಿದಳು. ಎಲ್ಲರೆದುರು. ಗಂಡನ ಕೈ! ನನ್ನತ್ತ ನೋಡಿ, "ಅಪಾ, ಇನ್ನೊಂದ್ಸಲ" ಅಂದಳು.

ಅತ್ತೆಯ ನೆನಪಾಯಿತು. ಒಲೆ ತಬ್ಬಿಕೊಂಡ ಕೈಗಳು. ಇನ್ನೊಂದು ಸಲ ಎಂದು ಅವರಿಗೆ ನಾನು ಅಂದಿರಲಿಲ್ಲ.

ಜೀನಿನ ಹಿಡಿ ಹಿಡಿದೆ. ಉಸಿರು ಎಳೆದೆ. ಎಳೆಯುವಾಗ ಏನು ಕೂಗುತ್ತೇನೆ ಎಂದು ಯೋಚಿಸಿರಲಿಲ್ಲ. ಹೊಟ್ಟೆಯ ತಳದಿಂದ ತಾನಾಗಿ ಬಂತು—

"ಕುಬಾತ್!"

ಕೊನೆಯ "ತ್" ಬಂದಾಗ ನಾನು ಕುದುರೆಯ ಮೇಲಿದ್ದೆ.

ಕಾಲ್ಬೂಬು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯಯ್ಯೋ! ಮಾವನ ಹೆಸರು! ಮಾವನ ಹೆಸರು ಹಿಡಿದು ಕೂಗಿಬಿಟ್ರು!"

ಮೈದುನ ಓರೋಜ್, ಅವಳ ಗಂಡ, ಮಾವನ ಕಿರಿಯ ಮಗ, ಕುರಿಯ ಹಿಂಡಿನ ಹತ್ತಿರದಿಂದ ಮೆಲ್ಲಗೆ ನಡೆದು ಬಂದ. ಎಪ್ಪತ್ತರ ಹತ್ತಿರದ ಮುದುಕ. ಮನೆತನದ ಗಂಡಸರಲ್ಲಿ ಈಗ ಅವನೇ ಹಿರಿಯ. ದಂಡ ಹೇಳುತ್ತಾನೆ ಎಂದುಕೊಂಡೆ. ಬೆನ್ನು ನೆಟ್ಟಗೆ ಮಾಡಿ ಕೂತೆ.

"ಅತ್ತಿಗೆ," ಅಂದ. ಕಣ್ಣಲ್ಲಿ ನೀರು. "ಅಪ್ಪನ ಹೆಸರು ಯಾರಾದ್ರೂ ಹಿಂಗೆ ಕರೆದು ಮೂವತ್ತು ವರ್ಷ ಆಗಿತ್ತು. ಇನ್ನೊಂದ್ಸಲ ಅನ್ನಿ."

"ಒಂದ್ಸಲಕ್ಕೆ ಬಂದ್ರಲ್ಲ, ಸಾಕು," ಅಂದೆ. "ಬದುಕಿದ್ದಾಗ ಹತ್ತು ಸಲ ಕರೆದ್ರೂ ಏಳ್ತಿರಲಿಲ್ಲ."

ಓರೋಜ್ ಮೊದಲು ನಕ್ಕ. ಆಮೇಲೆ ಇಡೀ ಅಂಗಳ. ಕಾಲ್ಬೂಬು ನಗಲಿಲ್ಲ. ಅವಳಿಗೆ ಕೂರಲು ಬೇರೆ ಜಾಗ ಸಿಗದೆ ಒಲೆಯ ಪಕ್ಕದ ಕಂಬಳಿಯ ಮೇಲೇ ಕೂತು ಬಂದಳು. ಮೆತ್ತಗಿತ್ತಂತೆ.

ಇಳಿಯುವಾಗ ಇಬ್ಬರು ಹಿಡಿದುಕೊಳ್ಳಬೇಕಾಯಿತು. ಇಳಿಯುವುದಕ್ಕೆ ರೂಲ್ಸ್ ಇಲ್ಲ.

ಜೂನ್ 1, ಬೆಳಿಗ್ಗೆ

ನಾಲ್ಕೂವರೆಗೆ ಎದ್ದೆ. ಕುಂದುಜ್ ಮಲಗಿದ್ದ ಗುಡಾರದ ಬಾಗಿಲ ಕಂಬಳಿಯನ್ನು ಹೊರಗಿನಿಂದ ಹಗ್ಗ ಹಾಕಿ ಕಟ್ಟಿದೆ. ಹಸು ಕರೆದೆ. ನಾಲ್ಕು ಹಸು. ಐದನೆಯದು ಒದೆಯಿತು, ಅದನ್ನು ಎಸೆನ್‌ಗೆ ಬಿಟ್ಟೆ.

ಹಿಂಡು ಕಾಯುತ್ತ ಹೊರಗೆ ಮಲಗಿದ್ದ ಅವನು ಕಣ್ಣುಜ್ಜಿಕೊಂಡು ಬಂದ. "ಅಪಾ, ಕುಂದುಜ್ ಎಲ್ಲಿ? ಹಾಲು ಯಾರು ಕರೆದದ್ದು?"

"ಕರೆದಾಗಿದೆ."

"ಯಾರು?"

"ಕೈ ಇರೋರು. ಒಂದು ಹಸು ನಿನಗೆ ಉಳಿಸಿದೀನಿ, ಹೋಗು. ಅವಳನ್ನ ಎಬ್ಬಿಸಿದ್ರೆ ಲಾರಿ ಹತ್ತಿಸಿ ಕೆಳಕ್ಕೆ ಕಳಿಸ್ತೀನಿ."

ಈಗ ಗಂಟೆ ಏಳು ಹತ್ತು. ಒಳಗೆ ಇನ್ನೂ ಸದ್ದಿಲ್ಲ. ಗೊರಕೆ ಸದ್ದಲ್ಲ. ಕಾಲ್ಬೂಬು ಬಂದು ನನ್ನ ಎದುರು ಕೂತು, ಖಾಲಿ ಬಟ್ಟಲು ಮುಂದಕ್ಕೆ ಚಾಚಿ, ಟೀ ಹಾಕುವವರು ಯಾರು ಎಂದು ಅತ್ತಿತ್ತ ನೋಡುತ್ತಿದ್ದಾಳೆ. ನನ್ನ ಬಟ್ಟಲೂ ಖಾಲಿ. ಎದ್ದು ಹಾಕಿಕೊಂಡು ಬಂದು ಮುಂದಿನದು ಬರೆಯುತ್ತೇನೆ.